ಪುಸ್ತಕ ಕೈಲಿರಲಿ, ಆಮೇಲೆ ಸಂದರ್ಶನ

ಮಗುವಿಗೆ ಒಂದು ಚಿತ್ರಪುಸ್ತಕ ತಂದುಕೊಟ್ಟಿರಿ. ಅದು ಹಟ ಹಿಡಿದು ಹತ್ತು ಸಲ ಓದಿಸಿಕೊಂಡಿತು. ಇಷ್ಟು ಹಚ್ಚಿಕೊಂಡಿದೆಯಲ್ಲ, ಚಿತ್ರ ಬರೆದವರ ಮಾತನ್ನೂ ಕೇಳಲಿ ಅಂತ ಅವರ ಸಂದರ್ಶನ ಹುಡುಕಿ ಮೊಬೈಲಿನಲ್ಲಿ ಹಾಕಿ ಕೂರಿಸಿದಿರಿ. ಐದು ನಿಮಿಷಕ್ಕೆ ಮಗು ಎದ್ದು ಅಂಗಳಕ್ಕೆ ಓಡಿತು. ಇನ್ನೈದು ನಿಮಿಷಕ್ಕೆ ನೀವೂ ನಿಲ್ಲಿಸಿದಿರಿ. ಇದೆಲ್ಲ ಚಿತ್ರ ಕಲಿತವರಿಗೆ, ನಮಗಲ್ಲ ಅನ್ನಿಸಿತು.

ತಿಪಟೂರು ತಾಲ್ಲೂಕಿನ ನಮ್ಮ ಅರಳಗುಪ್ಪೆಯಲ್ಲಿ ಸಂಜೆ ಹೊತ್ತು ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದುವ ನನಗೂ ಮೊದಮೊದಲು ಹೀಗೇ ಆಗುತ್ತಿತ್ತು. ಸಂದರ್ಶನವನ್ನು ಭಾಷಣ ಕೇಳಿದ ಹಾಗೆ ಕೇಳುತ್ತಿದ್ದೆ. ದಾರಿ ತೋರಿಸಿದ್ದು ಒಂದು ತೆಂಗಿನ ಮರ.

ನಮ್ಮಣ್ಣನ ಮಗಳು ಆಗ ಮೂರನೇ ಕ್ಲಾಸು. ಒಂದು ಪುಸ್ತಕದಲ್ಲಿ ನೀರಿನ ಕಡೆಗೆ ಬಾಗಿದ ತೆಂಗಿನ ಮರವಿತ್ತು. ಅದರ ಮೇಲೆ ಬೆರಳಿಟ್ಟು ಕೇಳಿದಳು: ‘ಅತ್ತೆ, ಈ ಮರ ಯಾಕೆ ಹಿಂಗೆ ಬಾಗೈತೆ? ನಮ್ಮ ತೋಟದವೆಲ್ಲ ನೆಟ್ಟಗವೆ.’ ಕಡಲ ದಂಡೆಯಲ್ಲಿ, ಹೊಳೆಯಂಚಿನಲ್ಲಿ ಮರ ಬೆಳಕಿರುವ ಕಡೆಗೆ, ಬಯಲಾದ ನೀರಿನ ಮೇಲಕ್ಕೆ ಬಾಗುತ್ತದೆ. ನಮ್ಮ ತೋಟಗಳಲ್ಲಿ ಸಾಲಾಗಿ ನೆಟ್ಟ ಮರಕ್ಕೆ ಬೆಳಕು ಸಿಗುವುದು ನೆತ್ತಿಯ ಮೇಲಿಂದ. ಅಷ್ಟನ್ನು ನಾನು ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. ‘ಬರೆದೋರು ಎಲ್ಲಿ ನೋಡಿ ಬರೆದ್ರು?’ ಅಂದಳು.

ಚಿತ್ರಕಾರರ ಸಂದರ್ಶನದಲ್ಲಿ ಉತ್ತರ ಸಿಗುವುದು ಇಂಥ ಪ್ರಶ್ನೆಗೇ. ಪ್ರಶ್ನೆ ಮೊದಲು ಹುಟ್ಟಬೇಕು. ಅದು ಹುಟ್ಟುವುದು ಪುಟದ ಮೇಲೆ.

ಯಾಕೆ ಪುಟದಿಂದಲೇ ಶುರು?

ನೀವು ಓದಿ ಹೇಳುವಾಗ ನಿಮ್ಮ ಕಣ್ಣು ಅಕ್ಷರದ ಮೇಲಿರುತ್ತದೆ. ಕೇಳುವ ಮಗುವಿನ ಕಣ್ಣಿಗೆ ಆ ಕೆಲಸವಿಲ್ಲ, ಅದು ಇಡೀ ಪುಟದಲ್ಲಿ ಓಡಾಡುತ್ತಿರುತ್ತದೆ. ಮೂಲೆಯಲ್ಲಿ ಕೂತ ಬೆಕ್ಕು, ಅಜ್ಜಿಯ ಹರಿದ ಚಪ್ಪಲಿ, ಮುಂದಿನ ಪುಟದಲ್ಲಿ ಕಾಣೆಯಾದ ಕೊಡ ಮೊದಲು ಕಾಣುವುದು ಮಗುವಿಗೆ. ಚಿತ್ರಕಾರರು ಇದನ್ನು ಬಲ್ಲರು. ಹಾಗಾಗಿ ಕತೆಯಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ಇಡುತ್ತಾರೆ, ಮಾತಿನಲ್ಲಿ ಇರುವುದನ್ನು ಬೇಕೆಂದೇ ಬಿಡುತ್ತಾರೆ. ಯಾವ ಗಳಿಗೆಯನ್ನು ಬರೆಯಬೇಕು, ಎಲ್ಲಿ ನಿಂತು ನೋಡಿದ ಹಾಗೆ ಬರೆಯಬೇಕು, ಪುಟ ತಿರುಗಿಸುವ ತನಕ ಏನನ್ನು ಬಚ್ಚಿಡಬೇಕು ಅನ್ನುವುದೆಲ್ಲ ಅವರ ತೀರ್ಮಾನ. ಮುಗಿದ ಚಿತ್ರದಲ್ಲಿ ತೀರ್ಮಾನ ಮಾತ್ರ ಉಳಿದಿರುತ್ತದೆ, ಅದರ ಹಿಂದಿನ ಒದ್ದಾಟ ಅಳಿಸಿಹೋಗಿರುತ್ತದೆ. ಸಂದರ್ಶನದಲ್ಲಿ ಆ ಒದ್ದಾಟ ಹೊರಗೆ ಬರುತ್ತದೆ, ರುಚಿಯೆಲ್ಲ ಅಲ್ಲಿದೆ.

ಕನ್ನಡದ ಮನೆಗಳಿಗೆ ಈ ರುಚಿ ಹತ್ತಿಸಿದ್ದು ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನ ಚಿತ್ರ ಈಗ ಅಜ್ಜ ಅಜ್ಜಿಯರಾದವರಿಗೂ ನೆನಪಿದೆ. ಅದನ್ನು ಬರೆದ ಶಂಕರ್ ಅವರ ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1952ರಲ್ಲಿ ಚಂದಮಾಮ ಸೇರಿ ಸುಮಾರು 60 ವರ್ಷ ಅಲ್ಲೇ ಕುಂಚ ಹಿಡಿದರು. 2020ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು. ಇಳಿವಯಸ್ಸಿನಲ್ಲಿ ಅವರು ಸಂದರ್ಶನಗಳನ್ನೂ ಕೊಟ್ಟಿದ್ದಾರೆ. ನಿಮ್ಮ ಅಟ್ಟದ ಮೇಲೆ ಹಳೇ ಚಂದಮಾಮದ ಕಟ್ಟು ಇದ್ದರೆ ನಿಮ್ಮ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಹೀಗೆ ಮಾಡಿ

1. ಹೆಸರು ಹುಡುಕಿ. ಮುಖಪುಟದಲ್ಲಿ ಲೇಖಕರ ಹೆಸರು ದಪ್ಪಗಿರುತ್ತದೆ. ಚಿತ್ರ ಬರೆದವರದ್ದು ಎಷ್ಟೋ ಸಲ ಒಳಪುಟದ ಹಿಂಬದಿಯಲ್ಲಿ, ಮುದ್ರಕರ ವಿಳಾಸದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು ಕಡೆ ಚಿತ್ರದ ಮೂಲೆಯ ಸಹಿಯೇ ಗತಿ. ಹುಡುಕುವ ಕೆಲಸ ಮಗುವಿಗೆ ಕೊಡಿ, ಖುಷಿಯಿಂದ ಮಾಡುತ್ತದೆ. ಹೆಸರು ಸಿಕ್ಕ ಮೇಲೆ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಟೈಪ್ ಮಾಡಿ, ಜೊತೆಗೆ ‘ಸಂದರ್ಶನ’ ಅನ್ನುವ ಪದ ಸೇರಿಸಿ.

2. ಒಂದೇ ಪುಸ್ತಕ, ಒಂದೇ ಚಿತ್ರ ಆರಿಸಿಕೊಳ್ಳಿ. ಅದರ ಬಗ್ಗೆ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಪ್ರಶ್ನೆ ಪುಟಾಣಿಯಾಗಿರಲಿ: ಈ ಹುಡುಗಿಯ ಲಂಗ ಎಲ್ಲ ಪುಟದಲ್ಲೂ ಹಳದಿ ಯಾಕೆ? ಮನೆಯ ಒಳಗಡೆ ತೋರಿಸಲೇ ಇಲ್ಲ ಯಾಕೆ? ‘ನಿಮಗೆ ಸ್ಫೂರ್ತಿ ಯಾರು’ ಅನ್ನುವಂಥ ದೊಡ್ಡ ಪ್ರಶ್ನೆಯನ್ನು ಸಂದರ್ಶಕರು ಹೇಗೂ ಕೇಳಿರುತ್ತಾರೆ.

3. ಕೇಳುವ ಮೊದಲು ನೀವೂ ಬರೆಯಿರಿ. ಇದೊಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಚಿತ್ರ ಬರೆಯಲು ಬರಬೇಕೆಂದೇನೂ ಇಲ್ಲ. ಕತೆಯ ಒಂದು ಸಾಲನ್ನು ಓದಿ, ಪುಸ್ತಕ ಮುಚ್ಚಿ, ಆ ಸನ್ನಿವೇಶವನ್ನು ಸ್ಲೇಟಿನ ಮೇಲೋ ನೋಟ್‌ಬುಕ್ಕಿನಲ್ಲೋ ಮೂಡಿಸಿ.

ನಮ್ಮ ಜಗಲಿಯಲ್ಲಿ ಆವತ್ತು ಎಲ್ಲರೂ ತೆಂಗಿನ ಮರ ಬರೆದೆವು. ತೋಟದಲ್ಲೇ ಬೆಳೆದ ಮಕ್ಕಳು. ಹೊಂಬಾಳೆ ಬಿರಿಯುವುದು, ಗೊನೆ ಇಳಿಸುವುದು, ಅಟ್ಟದ ಮೇಲೆ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗುವುದು ಎಲ್ಲ ಕಂಡವರು. ಆದರೂ ಎಂಟು ಸ್ಲೇಟಿನಲ್ಲಿ ಆರರ ಮೇಲೆ ಬಾಗಿದ ಮರವೇ ಇತ್ತು! ಕಣ್ಣಮುಂದಿನ ಮರ ಬಿಟ್ಟು ಪುಸ್ತಕದ ಮರವನ್ನೇ ಬರೆದಿದ್ದರು. ತೋಟಕ್ಕೆ ಹೋಗಿ ಮತ್ತೆ ನೋಡಿ ಬಂದರು. ಎರಡನೇ ಸಲ ಒಬ್ಬ ಹುಡುಗ ಕೆಳಗೆ ಜೋತುಬಿದ್ದ ಒಣ ಸೋಗೆಯನ್ನೂ ಬರೆದ. ಇನ್ನೊಬ್ಬಳು ಕಾಂಡದ ಮೇಲೆ ಸೋಗೆ ಉದುರಿದ ಜಾಗದ ಬಳೆಗಳನ್ನು ಒಂದೊಂದಾಗಿ ಎಳೆದಳು. ಸುಳಿಯ ಹತ್ತಿರ ಗರಿ ಸಿಕ್ಕುಸಿಕ್ಕಾಗಿ ಕೈ ಸೋತಿತು. ಕೈ ಹೀಗೆ ಒಮ್ಮೆ ಸೋತ ಮೇಲೆ ಚಿತ್ರಕಾರರು ‘ಈ ಪುಟ ನಾಲ್ಕು ಸಲ ಹರಿದುಹಾಕಿದೆ’ ಅಂದರೆ ಮಕ್ಕಳು ಕಿವಿ ನಿಮಿರಿಸಿ ಕೂರುತ್ತಾರೆ.

4. ಪುಸ್ತಕ ತೆರೆದಿಟ್ಟು ಕೇಳಿ, ನಿಲ್ಲಿಸಿ ನಿಲ್ಲಿಸಿ ಕೇಳಿ. ಚಿತ್ರಕಾರರು ಒಂದು ಪುಟದ ಬಗ್ಗೆ ಮಾತೆತ್ತಿದ ಕೂಡಲೇ ವಿಡಿಯೊ ನಿಲ್ಲಿಸಿ ಆ ಪುಟಕ್ಕೆ ಹೋಗಿ. ಹತ್ತು ನಿಮಿಷದ ಸಂದರ್ಶನ ಮುಕ್ಕಾಲು ಗಂಟೆ ಹಿಡಿದರೆ ಸರಿಯಾಗಿ ಕೇಳುತ್ತಿದ್ದೀರಿ ಅಂತಲೇ ಲೆಕ್ಕ. ಮಕ್ಕಳಿಗಾದರೆ ಒಂದು ಸಲಕ್ಕೆ ಐದಾರು ನಿಮಿಷದ ತುಣುಕು ಸಾಕು.

5. ಚಪ್ಪಲಿ, ಕುದುರೆ, ರಂಧ್ರಗಳಿಗೆ ಕಿವಿಗೊಡಿ. ತತ್ವದ ಮಾತು ಬಂದಾಗ ಮನಸ್ಸು ಅತ್ತಿತ್ತ ಹೋದರೂ ನಷ್ಟವಿಲ್ಲ, ವಸ್ತುಗಳ ಮಾತು ಬಂದಾಗ ಮಾತ್ರ ತಪ್ಪಿಸಿಕೊಳ್ಳಬೇಡಿ.

ರೋಲ್ಡ್ ಡಾಲ್ ಅವರ ‘ದಿ ಬಿಎಫ್‌ಜಿ’ 1982ರಲ್ಲಿ ಬಂತು. ಅದರ ದೈತ್ಯನಿಗೆ ಮೊದಲು ಬೂಟು ತೊಡಿಸಿ ಬರೆದಿದ್ದರು. ಅದು ಡಾಲ್ ಮನಸ್ಸಿಗೆ ಒಪ್ಪಲಿಲ್ಲ. ಏನು ಹಾಕಿಸಬೇಕು ಅನ್ನುವ ಮಾತು ನಡೆದಿರುವಾಗ ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಅವರಿಗೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಡಾಲ್ ತಾವೇ ಮೆಟ್ಟುತ್ತಿದ್ದ ಚಪ್ಪಲಿ! ಪುಸ್ತಕದ ದೈತ್ಯನ ಕಾಲಲ್ಲಿರುವುದು ಅದೇ. ಇದನ್ನು ಕೇಳಿದ ಮೇಲೆ ಮಕ್ಕಳು ಪುಟಪುಟದಲ್ಲೂ ಮೊದಲು ನೋಡುವುದು ದೈತ್ಯನ ಪಾದ.

ಮಾರಿಸ್ ಸೆಂಡಾಕ್ ಅವರ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ 1963ರದ್ದು. ಮೊದಲು ಅದು ಕಾಡುಕುದುರೆಗಳ ಪುಸ್ತಕವಾಗಬೇಕಿತ್ತು. ತಮಗೆ ಕುದುರೆ ಬರೆಯಲು ಸರಿಯಾಗಿ ಬಾರದು ಅಂತ ಗೊತ್ತಾಗಿ ವಿಚಿತ್ರ ಪ್ರಾಣಿಗಳಿಗೆ ಬದಲಾಯಿಸಿದರು. ಆ ಪ್ರಾಣಿಗಳ ಮುಖ ಎಲ್ಲಿಂದ ಬಂತು? ಚಿಕ್ಕಂದಿನಲ್ಲಿ ಭಾನುವಾರ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಿಂದ ಬಂತು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬಾರದ ಕುದುರೆಯಿಂದ ಅಂಥ ಪುಸ್ತಕ ಹುಟ್ಟಿತು ಅನ್ನುವುದು ಚಿತ್ರ ಬರೆಯಲು ಹೆದರುವ ಮಗುವಿಗೆ ಹೇಳಲೇಬೇಕಾದ ಸಂಗತಿ.

ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ (1969) ಹುಟ್ಟಿದ್ದು ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಯಂತ್ರದಿಂದ. ತೂತುಗಳನ್ನು ನೋಡಿ ಪುಸ್ತಕ ತಿನ್ನುವ ಹುಳ ನೆನಪಾಯಿತು. ಮೊದಲು ಬರೆದದ್ದು ಬರೀ ಹುಳುವಿನ ಕತೆ. ಕಂಬಳಿಹುಳವಾದರೆ ಕೊನೆಗೆ ಚಿಟ್ಟೆಯಾಗುತ್ತದೆ ಎಂಬ ದಾರಿ ತೆರೆದದ್ದು ಸಂಪಾದಕಿ ಆನ್ ಬೆನೆಡ್ಯೂಸ್.

6. ಯಾರ ಮಾತು ನಡೆಯಿತು ಅಂತ ಗಮನಿಸಿ. ಚಿತ್ರಪುಸ್ತಕ ಒಬ್ಬರ ಕೆಲಸವಲ್ಲ. ಲೇಖಕರು, ಸಂಪಾದಕರು, ಪ್ರಕಾಶಕರು, ಮುದ್ರಕರು ಎಲ್ಲರ ಕೈ ಅದರಲ್ಲಿರುತ್ತದೆ. 32 ಪುಟವೇ ಯಾಕೆ ಇಷ್ಟು ಸಾಮಾನ್ಯ? ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಮಡಿಸಿದರೆ 8, 16, 32 ಹೀಗೆ ಪುಟಗಳು ಬರುತ್ತವೆ, ಅದಕ್ಕೆ. ಆ ಲೆಕ್ಕದೊಳಗೇ ಕತೆ ಮುಗಿಯಬೇಕು.

ಕೆಲವೊಮ್ಮೆ ಲೇಖಕರೂ ಚಿತ್ರಕಾರರೂ ಪುಸ್ತಕಕ್ಕಾಗಿ ಕೂತು ಮಾತಾಡಿಯೇ ಇರುವುದಿಲ್ಲ. ಕನ್ನಡದಲ್ಲೂ ಬಹಳ ಜನ ಓದಿರುವ ‘ತೊತ್ತೋ-ಚಾನ್’ ನೋಡಿ. ಮೂಲ ಪುಸ್ತಕ ಬಂದದ್ದು 1981ರಲ್ಲಿ. ಅದರ ಮೃದುವಾದ ಚಿತ್ರಗಳನ್ನು ಬರೆದ ಚಿಹಿರೊ ಇವಾಸಾಕಿ 1974ರಲ್ಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಚಿತ್ರರಾಶಿಯಿಂದ ಆರಿಸಿ ಪುಸ್ತಕಕ್ಕೆ ಜೋಡಿಸಿದ್ದು. ಇದನ್ನು ತಿಳಿದು ಆ ಪುಸ್ತಕವನ್ನು ಇನ್ನೊಮ್ಮೆ ತೆರೆಯಿರಿ. ಇವಳು ತೊತ್ತೋ-ಚಾನಳೇ ಅಂತ ಇಷ್ಟು ದಿನ ನಂಬಿದ್ದ ಹುಡುಗಿ ಬೇರೆ ಯಾರೋ ಮಗು, ಆದರೂ ಅವಳೇ!

7. ಕೇಳಿದ್ದನ್ನು ನಿಮ್ಮ ಊರಿಗೆ ತನ್ನಿ. ಗೊಂಡ ಕಲಾವಿದ ಭಜ್ಜು ಶ್ಯಾಮ್ ಲಂಡನ್ನಿಗೆ ಒಂದು ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ಹೋಗಿದ್ದರು. ಆ ಅನುಭವ ಚೆನ್ನೈನ ತಾರಾ ಬುಕ್ಸ್‌ನಿಂದ 2004ರಲ್ಲಿ ‘ದಿ ಲಂಡನ್ ಜಂಗಲ್ ಬುಕ್’ ಆಯಿತು. ಬಿಗ್ ಬೆನ್ ಗಡಿಯಾರ ಅವರ ಚಿತ್ರದಲ್ಲಿ ಹುಂಜದ ಜೊತೆ ಬೆರೆತಿದೆ, ಬಸ್ಸು ನಾಯಿಯಾಗಿದೆ. ಅವರ ಊರಿನಲ್ಲಿ ಹೊತ್ತು ಹೇಳುವುದು ಹುಂಜ. ಇಷ್ಟು ಹೇಳಿ ಪುಸ್ತಕ ಮುಚ್ಚಿ ‘ಬೆಂಗಳೂರಿನ ಮೆಟ್ರೊ ಯಾವ ಪ್ರಾಣಿ?’ ಅಂತ ಕೇಳಿದೆ. ಜರಿ ಅಂದ ಒಬ್ಬ. ಕೊಬ್ಬರಿ ಹರಾಜಿನ ದಿನದ ಎಪಿಎಂಸಿ ಯಾರ್ಡಿಗೆ ಇರುವೆ ಗೂಡು ಅಂತ ಉತ್ತರ ಬಂತು. ಅರ್ಧ ಗಂಟೆ ಯಾರೂ ಏಳಲಿಲ್ಲ.

ನಮ್ಮ ಸೀಮೆಯ ಮಕ್ಕಳಿಗೆ ಮೊದಲ ಪುಸ್ತಕ ಯಾವುದಾದರೆ ಒಳ್ಳೆಯದು ಅಂತ ಕೇಳಿದರೆ ನಾನು ಹೇಳುವುದು ರಾಜೀವ್ ಐಪ್ ಬರೆದು ತಾವೇ ಚಿತ್ರ ಬಿಡಿಸಿದ ‘ಅಮ್ಮಚ್ಚೀಸ್ ಅಮೇಜಿಂಗ್ ಮೆಷೀನ್ಸ್’. ಅಜ್ಜಿ ಮೊಮ್ಮಗ ಸೇರಿ ಸರಳ ಯಂತ್ರಗಳನ್ನು ಬಳಸಿ ಕೊಬ್ಬರಿ ಮಿಠಾಯಿ ಮಾಡುವ ಕತೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನದು. ಅವರ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಪುಸ್ತಕಗಳು ಉಚಿತವಾಗಿ ಓದಲು ಸಿಗುತ್ತವೆ, ಕನ್ನಡದಲ್ಲೂ ಸಾಕಷ್ಟಿವೆ. ಕೊನೆಯ ಪುಟದಲ್ಲಿ ಚಿತ್ರಕಾರರ ಕಿರುಪರಿಚಯ ಇರುತ್ತದೆ, ಹುಡುಕಾಟ ಅಲ್ಲಿಂದ ಶುರುವಾಗಲಿ.

ಇಂಗ್ಲಿಷ್ ಅಡ್ಡ ಬಂದರೆ

ಹೆಚ್ಚಿನ ಸಂದರ್ಶನಗಳು ಇಂಗ್ಲಿಷಿನಲ್ಲಿವೆ. ವಿಡಿಯೊದ ವೇಗವನ್ನು ಮುಕ್ಕಾಲಿಗೆ ಇಳಿಸಿ, ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಳ್ಳಿ. ಮತ್ತೆ ಮತ್ತೆ ಬರುವ ನಾಲ್ಕೈದು ಪದ ತಿಳಿದರೆ ಅರ್ಧ ದಾರಿ ಸವೆಯಿತು. ‘ಥಂಬ್‌ನೇಲ್’ ಅಂದರೆ ಪುಟ ಹೇಗಿರಬೇಕೆಂದು ಮೊದಲು ಗೀಚಿಕೊಳ್ಳುವ ಬೆರಳುದ್ದದ ಕರಡು. ‘ಸ್ಪ್ರೆಡ್’ ಅಂದರೆ ಎದುರುಬದುರಿನ ಎರಡು ಪುಟ ಸೇರಿದ ಒಂದೇ ಚಿತ್ರ. ‘ಡಮ್ಮಿ’ ಅಂದರೆ ಕಾಗದ ಮಡಿಸಿ ಹೊಲಿದು ಮಾಡುವ ನಮೂನೆ ಪುಸ್ತಕ. ‘ವಾಷ್’ ಅಂದರೆ ನೀರು ಬೆರೆಸಿ ತೆಳ್ಳಗೆ ಹರಡಿದ ಬಣ್ಣ. ‘ಲೈಟ್‌ಬಾಕ್ಸ್’ ಅಂದರೆ ಕೆಳಗಿನಿಂದ ಬೆಳಕು ಹಾಯುವ ಗಾಜಿನ ಪೆಟ್ಟಿಗೆ. ಬ್ಲೇಕ್ ಅವರು ಕರಡನ್ನು ಅದರ ಮೇಲಿಟ್ಟು, ಮೇಲೊಂದು ಹಾಳೆ ಹಾಸಿ, ಗೆರೆಯ ಮೇಲೆ ಗೆರೆ ಎಳೆಯದೆ ಹೊಸದಾಗಿಯೇ ಬರೆಯುತ್ತಾರೆ. ನೀವು ಮೊದಲು ಕೇಳಿ ಅರ್ಥಮಾಡಿಕೊಂಡು, ಮಕ್ಕಳಿಗೆ ನಿಮ್ಮ ಮಾತಿನಲ್ಲಿ ಹೇಳಿ. ಫೋನಿನ ಅನುವಾದವನ್ನೇ ಓದಿ ಹೇಳಿದರೆ ಸ್ವಾರಸ್ಯ ಸತ್ತುಹೋಗುತ್ತದೆ.

ಕನ್ನಡದಲ್ಲೇ ಬೇಕು ಅನ್ನುವವರು ಪ.ಸ. ಕುಮಾರ್, ಚಂದ್ರನಾಥ ಆಚಾರ್ಯ ಅವರಂಥ, ಪತ್ರಿಕೆಗಳ ಕತೆಗಳಿಗೆ ಚಿತ್ರ ಬರೆದವರಿಂದ ಶುರುಮಾಡಬಹುದು. ಮಕ್ಕಳ ಪುಸ್ತಕವೇ ಆಗಬೇಕೆಂಬ ಹಟ ಬೇಡ. ಮೈಸೂರಿನ ಆರ್.ಕೆ. ಲಕ್ಷ್ಮಣ್ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿರುವ ಒಂದು ಪ್ರಸಂಗ ಸಂದರ್ಶನದಷ್ಟೇ ಸೊಗಸು. ಕ್ಲಾಸಿನಲ್ಲಿ ಎಲೆ ಬರೆಯಲು ಹೇಳಿದಾಗ ಇವರು ಬರೆದದ್ದು ಅರಳಿ ಎಲೆ. ಮೇಷ್ಟ್ರು ಅದನ್ನು ನೋಡಿ ನೀನು ಕಲಾವಿದನಾಗುತ್ತೀಯ ಅಂದರಂತೆ. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಆದರೂ ‘ಮಾಲ್ಗುಡಿ ಡೇಸ್’ ಧಾರಾವಾಹಿ ಶುರುವಾಗುವಾಗ ತೆರೆಯ ಮೇಲೆ ಬರುತ್ತಿದ್ದುದು ಅವರದೇ ರೇಖೆಗಳು.

ಎಚ್ಚರ

ಸಂದರ್ಶನ ಅಂತ ಹೆಸರಿದ್ದ ಮಾತ್ರಕ್ಕೆ ಅದು ನಿಜವಾಗಿ ನಡೆದದ್ದೇ ಆಗಿರಬೇಕಿಲ್ಲ. 2021ರ ಮೇ ತಿಂಗಳಲ್ಲಿ ಎರಿಕ್ ಕಾರ್ಲ್ ತೀರಿಕೊಂಡಾಗ, ಕಂಬಳಿಹುಳಕ್ಕೆ ಹೊಟ್ಟೆನೋವು ಬರಿಸುವ ವಿಚಾರದಲ್ಲಿ ಪ್ರಕಾಶಕರ ಜೊತೆ ಜಗಳವಾಡಿದೆ ಅಂತ ಅವರು ಹೇಳಿದರೆಂಬ ಮಾತು ಎಲ್ಲೆಡೆ ಹರಿದಾಡಿತು. ಅದು ‘ಪ್ಯಾರಿಸ್ ರಿವ್ಯೂ’ ಪತ್ರಿಕೆ 2015ರ ಏಪ್ರಿಲ್ ಮೂರ್ಖರ ದಿನಕ್ಕೆ ತಮಾಷೆಗಾಗಿ ಕಟ್ಟಿದ ಸಂದರ್ಶನ. ಸುದ್ದಿಸಂಸ್ಥೆಗಳೂ ನಿಜವೆಂದು ನಂಬಿ ಬರೆದು, ಆಮೇಲೆ ತಿದ್ದುಪಡಿ ಹಾಕಿದವು. ಎಲ್ಲಿ ಬಂದದ್ದು, ಯಾವ ದಿನದ್ದು, ಅವರ ದನಿಯೋ ಮುಖವೋ ಇದೆಯೋ ನೋಡಿಕೊಳ್ಳಿ. ಅರ್ಧ ನಿಮಿಷದ ತುಣುಕನ್ನು ನಂಬಿ ಮಕ್ಕಳಿಗೆ ಹೇಳಬೇಡಿ, ಪೂರ್ತಿ ಸಂದರ್ಶನ ಹುಡುಕಿ.

ಇನ್ನೊಂದು: ವಯಸ್ಸಾದವರು ಒಂದೇ ಪ್ರಸಂಗವನ್ನು ಬೇರೆ ಬೇರೆ ಕಡೆ ಬೇರೆ ಥರ ಹೇಳುವುದುಂಟು. ಅದು ಸುಳ್ಳಲ್ಲ, ನೆನಪಿನ ರೀತಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಸಂದರ್ಶನವನ್ನು ಪಾಠ ಮಾಡುವುದು. ಕೇಳಿದ ಮೇಲೆ ‘ಏನು ಕಲಿತೆ?’ ಅಂತ ಪ್ರಶ್ನೆ ಹಾಕಿದರೆ ಮಗು ಮುಂದಿನ ಸಲ ಹತ್ತಿರ ಬರುವುದಿಲ್ಲ. ‘ಯಾವ ಪುಟ ಮತ್ತೆ ನೋಡೋಣ?’ ಅನ್ನಿ.
- ಚಿತ್ರಕಾರರ ಅಭ್ಯಾಸವನ್ನು ನಿಯಮ ಮಾಡುವುದು. ಒಬ್ಬರು ಬೆಳಗಿನ ಜಾವ ಬರೆಯುತ್ತಾರೆ, ಇನ್ನೊಬ್ಬರು ರಾತ್ರಿ. ಒಬ್ಬರಿಗೆ ನೀರುಬಣ್ಣ, ಇನ್ನೊಬ್ಬರಿಗೆ ಕಂಪ್ಯೂಟರ್. ಅದು ಅವರವರ ದಾರಿ.
- ಅವರು ಹೇಳಿದ್ದೇ ಚಿತ್ರದ ಕೊನೆಯ ಅರ್ಥ ಅಂದುಕೊಳ್ಳುವುದು. ಮಗುವಿಗೆ ಪುಟದ ಒಂದು ನೆರಳು ಆನೆಯ ಹಾಗೆ ಕಂಡಿದ್ದರೆ, ಬರೆದವರು ಗುಡ್ಡ ಅಂದರೂ, ಅದು ಆನೆಯೇ ಆಗಿರಲಿ ಬಿಡಿ.
- ಅವರ ಚಿತ್ರವನ್ನು ನೋಡಿ ನಕಲು ಬರೆಸಿ ಸ್ಪರ್ಧೆಗೆ ಕಳಿಸುವುದು. ಕಲಿಯಲು ನಕಲು ಮಾಡಲಿ, ಮಗುವಿನ ಹೆಸರಿನಲ್ಲಿ ಎಲ್ಲಿಗೂ ಕಳಿಸಬೇಡಿ.

ನೀವೇ ಒಂದು ಸಂದರ್ಶನ ಮಾಡಿ

ಇಷ್ಟು ರೂಢಿಯಾದ ಮೇಲೆ ಮಕ್ಕಳೇ ಪ್ರಶ್ನೆ ಕೇಳಲಿ. ಅಂಗನವಾಡಿಯ ಗೋಡೆಗೆ ಚಿತ್ರ ಬರೆದ ಪೇಂಟರ್ ನಿಮ್ಮ ಪಕ್ಕದ ಊರಿನವರೇ ಇರಬಹುದು. ಮೊಲದ ಕಿವಿ ಅಷ್ಟುದ್ದ ಯಾಕೆ ಎಳೆದಿರಿ, ಯಾವ ಬಣ್ಣ ಮಳೆಗೆ ಮೊದಲು ಹೋಗುತ್ತದೆ, ಏಣಿಯ ಮೇಲೆ ನಿಂತಾಗ ಚಿತ್ರದ ಅಳತೆ ಹೇಗೆ ತಿಳಿಯುತ್ತದೆ ಅಂತ ಕೇಳಲಿ. ನಲಿ-ಕಲಿ ಕಾರ್ಡುಗಳಲ್ಲಿ ಓದಿದ ಮಕ್ಕಳಿಗೆ ಆ ಪುಟ್ಟ ಚಿತ್ರಗಳ ಬಗ್ಗೆ ಕೇಳುವ ಪ್ರಶ್ನೆಗಳು ಬೇಕಾದಷ್ಟಿರುತ್ತವೆ.

ನಮ್ಮೂರಿನ ಕಲ್ಲೇಶ್ವರ ಗುಡಿಯ ಒಳಚಾವಣಿಯಲ್ಲಿ ನಡುವೆ ಕುಣಿಯುವ ಶಿವ, ಪಕ್ಕದಲ್ಲಿ ವಾದ್ಯದವರು, ಸುತ್ತ ಎಂಟು ದಿಕ್ಪಾಲಕರು ಇದ್ದಾರೆ. 9ನೇ ಶತಮಾನದ ನೊಳಂಬರ ಕಾಲದ ಕೆಲಸ. ಕತ್ತೆತ್ತಿ ನೋಡಿದರೆ ಅದೂ ಒಂದು ಚಿತ್ರಪುಟವೇ. ಅದನ್ನು ಕಡೆದವರನ್ನು ಕೇಳಲು ನಮ್ಮ ಮಕ್ಕಳಲ್ಲಿ ನೂರು ಪ್ರಶ್ನೆ ಇವೆ, ಉತ್ತರ ಹೇಳುವವರಿಲ್ಲ. ಅಲ್ಲೇ ಇರುವ 13ನೇ ಶತಮಾನದ ಚೆನ್ನಕೇಶವ ಗುಡಿಯಲ್ಲಿ ಹೊನೋಜ ಎಂಬ ಶಿಲ್ಪಿಯ ಹೆಸರಾದರೂ ಉಳಿದಿದೆ. ಇಂದಿನ ಚಿತ್ರಕಾರರು ನಮ್ಮ ನಡುವೆಯೇ ಇದ್ದಾರೆ, ಕೇಳಿದರೆ ಹೇಳುತ್ತಾರೆ.

ನಿಮ್ಮ ಮನೆಯಲ್ಲಿರುವ ಮಕ್ಕಳ ಪುಸ್ತಕಗಳನ್ನು ಇವತ್ತು ಸಂಜೆಯೇ ತೆಗೆದು ನೋಡಿ. ಚಿತ್ರ ಬರೆದವರ ಹೆಸರಿಲ್ಲದ ಪುಸ್ತಕ ಸಿಕ್ಕರೆ, ಪ್ರಕಾಶಕರ ವಿಳಾಸಕ್ಕೆ ಮಗುವಿನ ಕೈಯಿಂದಲೇ ಒಂದು ಕಾರ್ಡು ಬರೆಸಿ: ‘ಈ ಚಿತ್ರಗಳನ್ನು ಬರೆದವರು ಯಾರು? ದಯವಿಟ್ಟು ತಿಳಿಸಿ, ಮುಂದಿನ ಮುದ್ರಣದಲ್ಲಿ ಅವರ ಹೆಸರು ಹಾಕಿ.’